ಜಾಲದ ನೆನಪೂ ಜನರ ಖಾಸಗಿತನವೂ

ಹಾನಗಲ್ಲಿನ ಮಾವಿನ ತೋಟದ ಒಡೆಯನಾಗಲಿ, ಹಿರೇಕೆರೂರಿನ ಗೋವಿನಜೋಳದ ರೈತನಾಗಲಿ, ಒಮ್ಮೆ ಮೊಬೈಲಿನಲ್ಲಿ ಔಷಧ ಸಿಂಪಡಿಸುವ ಯಂತ್ರದ ಬೆಲೆಯನ್ನು ಹುಡುಕಿದನೆಂದರೆ, ಅನಂತರ ಸುದ್ದಿಯ ಪುಟದಲ್ಲೂ ಹವಾಮಾನದ ಪುಟದಲ್ಲೂ ಅದೇ ಯಂತ್ರದ ಜಾಹೀರಾತು ಅವನ ಬೆನ್ನು ಹತ್ತುವುದುಂಟು. ಇದಕ್ಕೆ ಬಹುಮಟ್ಟಿನ ಕಾರಣ ಕುಕಿ ಎಂಬ ಪುಟ್ಟ ದಾಖಲೆ.

ಜಾಲತಾಣಕ್ಕೂ ಬ್ರೌಸರಿಗೂ ನಡೆಯುವ ವ್ಯವಹಾರದ ನಿಯಮವಾದ ಎಚ್‌ಟಿಟಿಪಿಗೆ ಸ್ವಭಾವತಃ ಸ್ಮರಣೆಯಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಹೊಸಬನ ಕೋರಿಕೆಯೇ ಸರಿ. ಈ ಕೊರತೆಯನ್ನು ನೀಗಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಕಲ್ಪಿಸಿದ ಉಪಾಯದಂತೆ, ತಾಣವು ತನ್ನ ಉತ್ತರದೊಡನೆ ಕುಕಿಯೆಂಬ ಒಂದು ಗುರುತನ್ನು ಕಳುಹುವುದು. ಬ್ರೌಸರು ಅದನ್ನು ಕಾಪಿಟ್ಟು, ಆ ತಾಣಕ್ಕೆ ಮರಳಿದಾಗಲೆಲ್ಲ ಒಪ್ಪಿಸುವುದು. ಪುಟದಿಂದ ಪುಟಕ್ಕೆ ಸಾಗುವಾಗ ಪಾಸ್‌ವರ್ಡನ್ನು ಮತ್ತೆ ಮತ್ತೆ ಕೇಳದಿರುವುದು ಇದರ ಉಪಕಾರವೇ.

ಸವಣೂರಿನ ಅಂಗಡಿಕಾರನು ಗಿರಾಕಿಯ ಉದ್ದರಿಯನ್ನು ತನ್ನ ವಹಿಯಲ್ಲಿ ಬರೆದಿಟ್ಟರೆ ಅದರಲ್ಲಿ ದೋಷವೇನಿಲ್ಲ. ಆದರೆ ಪ್ರತಿ ಅಂಗಡಿಯ, ದವಾಖಾನೆಯ, ಬ್ಯಾಂಕಿನ ಬಾಗಿಲಲ್ಲೂ ಅಪರಿಚಿತನೊಬ್ಬನ ಆಳುಗಳು ನಿಂತು ಒಂದೇ ವಹಿಯನ್ನು ತುಂಬತೊಡಗಿದರೆ ಅದನ್ನು ಯಾವ ಊರು ಸಹಿಸೀತು? ಅನ್ಯತಾಣದ ಕುಕಿಗಳ ಕಾರ್ಯ ಇದೇ. ಹಲವು ಪುಟಗಳಲ್ಲಿ ತನ್ನ ತುಣುಕನ್ನು ಅಳವಡಿಸಿದ ಜಾಹೀರಾತು ಸಂಸ್ಥೆಯು ಒಂದೇ ಗುರುತಿನ ಬಲದಿಂದ ನಮ್ಮ ರೋಗ, ಸಾಲ, ಆಸಕ್ತಿಗಳ ಸುಳಿವುಗಳನ್ನು ಒಂದೆಡೆ ಕೂಡಿಸಬಲ್ಲುದು.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ದತ್ತಾಂಶದ ಬಳಕೆಗೆ ಕೊಡುವ ಸಮ್ಮತಿಯು ಮುಕ್ತವಾಗಿಯೂ ತಿಳಿವಿನಿಂದ ಕೂಡಿಯೂ ಇರಬೇಕೆಂದೂ, ಅದನ್ನು ಕೋರುವ ಸೂಚನೆಯನ್ನು ಸಂವಿಧಾನದ 8ನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸುತ್ತದೆ. ಆ ಅನುಸೂಚಿಯಲ್ಲಿ ಕನ್ನಡವೂ ಇದೆ.

ಶಿಗ್ಗಾವಿಯ ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವ ವಿದ್ಯಾರ್ಥಿಯು ಪುಟವನ್ನು ಮುಚ್ಚಿದರೆ ಸಾಲದು, ಲಾಗ್ ಔಟ್ ಆಗಲೇಬೇಕು. ಇಲ್ಲವಾದರೆ ಉಳಿದ ಕುಕಿಯು ಮುಂದೆ ಕೂಡುವವನಿಗೆ ಅವನ ಖಾತೆಯನ್ನು ತೆರೆದುಕೊಟ್ಟೀತು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅನ್ಯತಾಣದ ಕುಕಿಗಳನ್ನು ತಡೆಯುವುದೂ ಸುಲಭಸಾಧ್ಯ. ಆದರೆ ಭಾರವೆಲ್ಲವೂ ಬಳಕೆದಾರನ ಮೇಲೆಯೇ ಬೀಳುವುದು ನ್ಯಾಯವಲ್ಲ. ಕುಕಿಗಳಿಗೆ ಒಪ್ಪಿಗೆ ಕೇಳುವ, ಓದಲಾಗದ ಇಂಗ್ಲಿಷ್ ಫಲಕದ ಮೇಲೆ ಒತ್ತಿದ ಬೆರಳು ಸಮ್ಮತಿಯೆನಿಸದು. ಒಪ್ಪುವ ಗುಂಡಿಯಷ್ಟೇ ಸ್ಫುಟವಾಗಿ ನಿರಾಕರಿಸುವ ಗುಂಡಿಯೂ, ಎರಡೂ ಕನ್ನಡದಲ್ಲಿ, ಇರಬೇಕೆಂದು ನಾವು ಕೇಳತಕ್ಕದ್ದು.