ತಲೆಯೊಳಗಿನ ನೀರುಗುಳ್ಳೆ

ತಲೆನೋವು ಬಾರದ ತಲೆಯಿಲ್ಲ. ಆದರೆ ತಿಂಗಳುಗಟ್ಟಲೆ ಕಾಡಿದ ನೋವಿಗೆ ಕಾರಣವನ್ನು ಹುಡುಕಹೊರಟಾಗ, ಸ್ಕ್ಯಾನ್ ಚಿತ್ರದಲ್ಲಿ ನೀರು ತುಂಬಿದ ಗುಳ್ಳೆಯೊಂದು ಕಂಡರೆ ಯಾರ ಎದೆಯಾದರೂ ನಡುಗದಿರದು.

ಮಿದುಳನ್ನು ಹೊದೆದಿರುವ ಮೂರು ಪೊರೆಗಳಲ್ಲಿ ನಡುವಣದು ಜೇಡರ ಬಲೆಯಂತೆ ನವಿರಾದುದು. ಅದರ ಪದರಗಳ ನಡುವೆ ತಿಳಿನೀರು ನಿಂತು ಗುಳ್ಳೆಯಾಗುವುದುಂಟು. ಇಂಗ್ಲೆಂಡಿನ ವೈದ್ಯ ರಿಚರ್ಡ್ ಬ್ರೈಟ್ ಅವರು 1831ರಲ್ಲಿಯೇ ಇದನ್ನು ವರ್ಣಿಸಿದ್ದರು. ಇದು ಅರ್ಬುದವಲ್ಲ, ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದುದು. ಎಷ್ಟೋ ಮಂದಿ ಅದರ ಅರಿವೇ ಇಲ್ಲದೆ ಬಾಳು ಸಾಗಿಸುತ್ತಾರೆ.

ಆದುದರಿಂದ ‘ಅಪಾಯವೇನೂ ಇಲ್ಲ’ ಎಂದು ವೈದ್ಯರು ಹೇಳುವುದು ಸಾಮಾನ್ಯವಾಗಿ ನಿಜವೇ. ಆದರೂ ನಿತ್ಯವೂ ತಲೆ ಹಿಡಿದು ಕುಳಿತವನಿಗೆ ಆ ಒಂದು ಮಾತು ಸಾಲದು. ನೋವಿಗೆ ಗುಳ್ಳೆಯೇ ಕಾರಣವೋ ಬೇರೊಂದೋ ಎಂಬುದನ್ನು ಚಿತ್ರವೊಂದೇ ಹೇಳಲಾರದು. ನಾರ್ವೆಯ ಬರ್ಗೆನ್ ನಗರದ ಶಸ್ತ್ರವೈದ್ಯರು ಗುಳ್ಳೆಯ ಅಳತೆಯೊಡನೆ ರೋಗಿಯ ಬದುಕಿನ ಸ್ಥಿತಿಯನ್ನೂ ವಿಚಾರಿಸಿದರು. ಶಸ್ತ್ರಕ್ರಿಯೆಯ ಬಳಿಕ ಗುಳ್ಳೆ ಪೂರ್ತಿ ಕುಗ್ಗದಿದ್ದರೂ ನೋವು ಇಳಿದವರುಂಟು.

ಹಾಗೆಂದು ಎಲ್ಲರಿಗೂ ಶಸ್ತ್ರಕ್ರಿಯೆ ಬೇಕಿಲ್ಲ. ಅದಕ್ಕೂ ಅದರದೇ ಅಪಾಯಗಳಿವೆ. ನೋವಿನೊಡನೆ ವಾಂತಿ, ಮಬ್ಬುಗಣ್ಣು ಕೂಡಿಕೊಂಡರೆ ಮಾತ್ರ ತಡಮಾಡಲಾಗದು. ಉಳಿದಂತೆ, ಗುಳ್ಳೆಯನ್ನು ಯಂತ್ರ ಅಳೆಯಲಿ. ನೋವನ್ನು ನೊಂದವನೇ ಹೇಳಬೇಕು, ವೈದ್ಯನು ಕುಳಿತು ಕೇಳಬೇಕು.