ನವಾಬ ಒಬ್ಬನೋ, ಹಲವರೋ?

ಒಂದು ಸವಾಲು ಹಾಕ್ತೀನಿ, ಉತ್ತರ ಹೇಳ್ರಿ ನೋಡೋಣ. ಇಂಗ್ಲಿಷಿನಲ್ಲಿ ಹೌಸ್ ಹೋಗಿ ಹೌಸಸ್ ಆಗುತ್ತೆ. ಮೌಸ್ ಯಾಕೆ ಮೌಸಸ್ ಆಗಲಿಲ್ಲ? ಮೈಸ್ ಎಲ್ಲಿಂದ ಬಂತು?

ತಲೆ ಕೆರೆದುಕೊಂಡಿರಾ? ಕೇಳ್ರಿ! ಸುಮಾರು 1,500 ವರ್ಷಗಳ ಹಿಂದೆ ಇಲಿಗೆ ‘ಮೂಸ್’ ಅಂತಿದ್ದರು. ಬಹುವಚನದ ಬಾಲದಲ್ಲಿ ಒಂದು ‘ಇ’ ಕೂತಿತ್ತು. ಆ ತುಂಟ ‘ಇ’ ಹಿಂದಿದ್ದ ‘ಊ’ವನ್ನು ತನ್ನ ಕಡೆ ಎಳೆದು ಬದಲಿಸಿಬಿಟ್ಟಿತು. ಆಮೇಲೆ ಬಾಲ ತಾನೇ ಉದುರಿಹೋಯಿತು! ಕಳ್ಳ ಪರಾರಿ, ಹೆಜ್ಜೆಗುರುತು ಮಾತ್ರ ಉಳೀತು. ಫುಟ್ ಫೀಟ್ ಆದದ್ದೂ ಹೀಗೇ, ಗೂಸ್ ಗೀಸ್ ಆದದ್ದೂ ಹೀಗೇ!

ಚಿಲ್ಡ್ರನ್ ಇನ್ನೂ ಮಜಾ. ಹಳೆಯ ‘ರ್’ ಒಂದು ಬಹುವಚನ. ಅದು ಸಾಲದು ಅಂತ ಮೇಲೊಂದು ‘ಎನ್’. ಡಬಲ್!

ನಾವೇನು ಕಡಿಮೆಯಾ? ಮಗು, ಮಕ್ಕಳು. ‘ಮಗುಗಳು’ ಅಂದರೆ ಯಾರಾದರೂ ನಕ್ಕೇ ನಗ್ತಾರೆ. (ನಮ್ಮ ಕಡೆಯ ಕೂಸು ಮಾತ್ರ ಪಾಪ, ಶಿಸ್ತಾಗಿ ಕೂಸುಗಳು ಆಗುತ್ತೆ.)

ಆದರೆ ನನ್ನ ನಿದ್ದೆಗೆಡಿಸಿದ್ದು ಇದಲ್ಲ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡರಲ್ಲ? ಪಾರ್ಸಿ ದರಬಾರಿಗೆ ಬಂತು. ಅದರ ಬೆನ್ನಿಗೆ ಅರಬ್ಬೀ ಪದಗಳೂ ಬಂದವು. ಅರಬ್ಬೀ ಪದ ಎಷ್ಟೋ ಸಲ ಹೊಟ್ಟೆಯೊಳಗೇ ಬಹುವಚನ ಮಾಡಿಕೊಳ್ಳುತ್ತೆ. ಕಿತಾಬ್, ಕುತುಬ್!

ಈಗ ಊಹಿಸ್ರಿ. ನಿಜಾಮರ ಕಾಲದ ನಾಯಬ ತಹಶೀಲ್ದಾರನಿಗೂ ನವಾಬನಿಗೂ ಏನು ಸಂಬಂಧ? ನಾಯಬ್ ಅಂದರೆ ಒಬ್ಬ ಪ್ರತಿನಿಧಿ. ಅದರ ಬಹುವಚನ ನುವ್ವಾಬ್. ಅದೇ ನಮ್ಮ ನವಾಬ! ಗೌರವಕ್ಕೆ ಒಬ್ಬನನ್ನೇ ಬಹುವಚನದಲ್ಲಿ ಕರೆದರು. ನಾವು ‘ನವಾಬರು’ ಅಂತ ಮತ್ತೊಂದು ಗೌರವ ಏರಿಸಿದೆವು!

ಜಿಲ್ಲಾಧಿಕಾರಿ ಕಚೇರಿ ಮುಂದೆ ಕೈಯಲ್ಲಿ ಅಹವಾಲು ಹಿಡಿದು ನಿಂತವರನ್ನು ನೋಡಿದೀರಲ್ಲ? ಅಹವಾಲ್ ಅನ್ನೋದು ‘ಹಾಲ್’ನ ಬಹುವಚನ. ಹೌದು, ‘ಕ್ಯಾ ಹಾಲ್ ಹೈ’ ಅಂತೀವಲ್ಲ, ಅದೇ ಹಾಲ್! ಹಾಳೆ ಒಂದೇ ಇದ್ದರೂ ಪದ ಮಾತ್ರ ಹಲವು.

ಇನ್ನು ಗಟ್ಟಿಯಾಗಿ ಕೂತ್ಕೊಳ್ರಿ. ಕೋಟನೂರಿನ ಚಹಾ ಅಂಗಡಿಯಲ್ಲಿ ಹೊಸಬ ಬಂದು ಕೂತ ಅನ್ರಿ. “ಯಾರ್ರೀ ಆ ಆಸಾಮಿ?” ಅಂತ ಪಿಸುಗುಡ್ತಾರೆ. ಒಬ್ಬನೇ ಮನುಷ್ಯ. ಆದರೆ ಆ ಪದದ ಜಾತಕ ನೋಡ್ರಿ! ಅರಬ್ಬಿಯಲ್ಲಿ ಇಸ್ಮ್ ಅಂದರೆ ಹೆಸರು. ಅದರ ಬಹುವಚನ ಅಸ್ಮಾ. ಆ ಬಹುವಚನಕ್ಕೇ ಇನ್ನೊಂದು ಬಹುವಚನ, ಅಸಾಮೀ! ಕಂದಾಯದ ಕಾಗದಪತ್ರದಲ್ಲಿ ಅದು ರೈತನನ್ನು ಸೂಚಿಸುವ ಪದವಾಯಿತು. ಅಲ್ಲಿಂದ ಮೆಲ್ಲಗೆ ಯಾವನೋ ಒಬ್ಬನಿಗೆ ಅಂಟಿಕೊಂಡಿತು.

ಅಷ್ಟಕ್ಕೆ ಬಿಟ್ಟೆವಾ ನಾವು? ಇಬ್ಬರು ಬಂದರೋ, ‘ಆಸಾಮಿಗಳು’! ಎಣಿಸ್ರಿ: ಮೂರು ಬಹುವಚನ, ಒಂದರ ಮೇಲೊಂದು!