ಸೀಗಡಿ ದರ್ಬಾರು

ಮೊದಲು ಕೈ ನೋಡಿ! ಪ್ರಾಣಿಯ ಉದ್ದವೇ ಎರಡೂವರೆ ಸೆಂಟಿಮೀಟರ್. ಅದರ ಕೈ ಎಷ್ಟಿದ್ದೀತು? ಕೂದಲೆಳೆಯಷ್ಟು. ಅದರ ತುದಿಗೊಂದು ಚಿಮಟ, ಚಿಮಟದ ತುದಿಗೆ ಬ್ರಷ್ಷು. ಭೂತಗನ್ನಡಿ ಹಿಡಿದರೆ ಬ್ರಷ್ಷಿನ ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಎಡಗೈ ಎಲೆಯನ್ನು ಕೆರೆಯಿತು, ಬಾಯಿಗೆ ಹೋಯಿತು. ಬಲಗೈ ಕೆರೆಯಿತು, ಬಾಯಿಗೆ. ಮತ್ತೆ ಎಡ, ಮತ್ತೆ ಬಲ. ಹಗಲೂ ರಾತ್ರಿಯೂ ಇದೇ ಕೆಲಸ. ತಿನ್ನುವುದಾದರೂ ಏನು? ಎಲೆಗೆ, ಕಲ್ಲಿಗೆ, ಗಾಜಿಗೆ ತೆಳ್ಳಗೆ ಹಬ್ಬಿದ ಪಾಚಿ ಮತ್ತು ಬ್ಯಾಕ್ಟೀರಿಯಾಗಳ ಲೋಳೆ. ಅದನ್ನು ತಿಂದು ಬದುಕುವ ಜೀವದ ಮೈಯೋ, ಅಪ್ಪಟ ಕುಂಕುಮಗೆಂಪು!

ಇದು ಚೆರ್ರಿ ಸೀಗಡಿ. ಸಿಹಿನೀರಿನದು. ಬೆಳಗಾವಿ ಪಕ್ಕದ ನಮ್ಮೂರು ಹಿಂಡಲಗಾ ಅಂದ ಕೂಡಲೇ ಹೊರಗಿನವರಿಗೆ ಸೆಂಟ್ರಲ್ ಜೈಲು ನೆನಪಾಗುತ್ತದೆ. ನನಗೆ ಈಚೆಗೆ ನೆನಪಾಗುವುದು ನಮ್ಮ ಮನೆಯ ಕಿಟಕಿ ಪಕ್ಕದ ಎರಡಡಿ ಗಾಜಿನ ತೊಟ್ಟಿ. ಪಕ್ಕದ ಮನೆಯ ಕಾಕೂ ಬಂದು ಬಗ್ಗಿ ನೋಡಿದರು. “ಇವು ಯಾವಾಗ ದೊಡ್ಡವು ಆಗ್ತಾವ್ರಿ?”

“ಇಷ್ಟ ಕಾಕೂ, ಇದಕ್ಕಿಂತ ದೊಡ್ಡವು ಆಗೂದಿಲ್ಲ.”

“ಹಂಗಾದ್ರ ಸಾರಿಗೆ ಸಾಲೂದಿಲ್ಲ ಬಿಡ್ರಿ!”

ಸಾರಿನ ಮಾತು ಬಂತಲ್ಲ, ಅದರಲ್ಲೂ ಒಂದು ಸೋಜಿಗವಿದೆ. ಗೋವಾದಿಂದ, ಕಾರವಾರದಿಂದ ಬೆಳಗಾವಿ ಮಾರುಕಟ್ಟೆಗೆ ಬರುವ ಸೀಗಡಿ ಹಸಿಯಾಗಿದ್ದಾಗ ಬೂದುಬಣ್ಣ, ಬಾಣಲೆಗೆ ಬಿದ್ದರೆ ಕೆಂಪು. ಆ ಕೆಂಪು ಮಸಾಲೆಯದಲ್ಲ! ಚಿಪ್ಪಿನಲ್ಲಿ ಮೊದಲೇ ಇದ್ದ ಆಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯದ್ದು. ಒಂದು ಪ್ರೋಟೀನು ಅದನ್ನು ಅಪ್ಪಿ ಹಿಡಿದಿರುವ ತನಕ ಕೆಂಪು ಕಾಣದು. ಬಿಸಿ ತಾಗಿದ್ದೇ ಪ್ರೋಟೀನಿನ ಹಿಡಿತ ಸಡಿಲ, ಕೆಂಪು ಬಯಲು. ಬೆಂದ ಮೇಲೆ ಬರುವ ಆ ಬಣ್ಣವನ್ನು ಚೆರ್ರಿ ಸೀಗಡಿ ಬದುಕಿರುವಾಗಲೇ ಮೈತುಂಬ ಹೊತ್ತು ತಿರುಗುತ್ತದೆ.

ಹಾಗಂತ ಅದು ಹುಟ್ಟಾ ಕೆಂಪಲ್ಲ. ಚೀನಾ, ತೈವಾನ್ ಕಡೆಯ ತೊರೆಗಳಲ್ಲಿ ಇದರ ಕಾಡು ಪೂರ್ವಜರನ್ನು ನೋಡಿದರೆ ನೀವು ಎರಡನೇ ಸಲ ತಿರುಗಿ ನೋಡಲಾರಿರಿ. ಕಂದು, ಮಾಸಲು, ಅರ್ಧ ಪಾರದರ್ಶಕ, ಕೆಸರಿನಲ್ಲಿ ಕೆಸರು. ಅಂಥ ಹಿಂಡಿನಲ್ಲಿ ಯಾವುದೋ ಒಂದರ ಮೈಮೇಲೆ ನಾಲ್ಕು ಕೆಂಪು ಚುಕ್ಕೆ. ಅದನ್ನು ಬೇರೆ ಮಾಡಿ, ಅದರ ಮರಿಗಳಲ್ಲಿ ಹೆಚ್ಚು ಕೆಂಪಾದವನ್ನು ಆರಿಸಿ, ಮತ್ತೆ ಅವುಗಳ ಮರಿಗಳಲ್ಲಿ ಆರಿಸಿ ತಂದ ಬಣ್ಣ ಇದು. ಆಮೇಲೆ ಶುರುವಾಯಿತು ನೋಡಿ ಹುಚ್ಚು! ಅದೇ ಒಂದು ಜಾತಿಯಿಂದ ಹಳದಿ ಬಂತು, ಕಿತ್ತಳೆ ಬಂತು, ‘ಬ್ಲೂ ಡ್ರೀಮ್’ ಎಂಬ ಕಡುನೀಲಿ ಬಂತು, ತಲೆ-ಬಾಲ ಕೆಂಪಾಗಿ ನಡು ಮಾತ್ರ ಗಾಜಿನಂತಿರುವ ‘ರಿಲಿ’ ಬಂತು. ಕೆಂಪಿನಲ್ಲೇ ಚೆರ್ರಿ, ಸಕುರಾ, ಫೈರ್ ರೆಡ್, ಪೇಂಟೆಡ್ ಫೈರ್ ರೆಡ್ ಎಂದು ಮೆಟ್ಟಿಲುಗಳು. ಕಾಲಿನ ತುದಿಯವರೆಗೂ ಕೆಂಪು ತುಂಬಿದ್ದು ಮೇಲಿನ ಮೆಟ್ಟಿಲು.

ಈಗ ನಿಜವಾದ ಬೆರಗು. ಇಷ್ಟೆಲ್ಲ ಬಣ್ಣ ಇದ್ದರೆ ಒಂದೇ ತೊಟ್ಟಿಗೆ ಎಲ್ಲವನ್ನೂ ಬಿಟ್ಟು ರಂಗಪಂಚಮಿ ಆಡಿಸೋಣ ಅನ್ನಿಸುತ್ತದಲ್ಲವೇ? ಆಡಿಸಿ ನೋಡಿ. ಕೆಂಪು ನೀಲಿಯನ್ನು ಕೂಡುತ್ತದೆ, ನೀಲಿ ಹಳದಿಯನ್ನು ಕೂಡುತ್ತದೆ, ಕೆಲವು ತಲೆಮಾರಿಗೆ ತೊಟ್ಟಿ ತುಂಬ ಕಂದು! ತಲೆಮಾರುಗಟ್ಟಲೆ ಆರಿಸಿ ತಂದ ಬಣ್ಣ ಹೋಗಿ ಆ ಹಳೆಯ ಕೆಸರುಗಂದು ವಾಪಸ್ಸು. ಅದು ಎಲ್ಲಿಗೂ ಹೋಗಿರಲೇ ಇಲ್ಲ, ಒಳಗೇ ಕೂತಿತ್ತು. ಒಂದು ತೊಟ್ಟಿಗೆ ಒಂದೇ ಬಣ್ಣ ಎಂದು ಸಾಕುವವರು ಹಟ ಹಿಡಿಯುವುದು ಇದಕ್ಕೇ. ಅಂಗಡಿಗಳಲ್ಲಿ ‘ಮಿಕ್ಸ್ ಕಲರ್’ ಎಂದು ಕೊಡುವ ಪೊಟ್ಟಣ ನನ್ನ ಮಟ್ಟಿಗೆ ದುಡ್ಡು ದಂಡ.

ಬೇರೊಂದು ಜಾತಿಯ ಕತೆ ಇದಕ್ಕಿಂತ ರೋಚಕ. ದಕ್ಷಿಣ ಚೀನಾದ ಬೆಟ್ಟದ ತೊರೆಗಳ ಕಪ್ಪು-ಬಿಳಿ ಪಟ್ಟೆಯ ‘ಬೀ’ ಸೀಗಡಿಗಳನ್ನು ಜಪಾನಿನ ಹಿಸಾಯಾಸು ಸುಝುಕಿ ಸಾಕುತ್ತಿದ್ದರು. 1990ರ ದಶಕದ ಆರಂಭದಲ್ಲಿ ಒಂದು ದಿನ, ಆ ಕಪ್ಪು ಹಿಂಡಿನ ನಡುವೆ ಕೆಂಪು! ಈ ಕೆಂಪು ಮಹಾ ಸಂಕೋಚದ್ದು. ಕೆಂಪನ್ನೂ ಕಪ್ಪನ್ನೂ ಕೂಡಿಸಿದರೆ ಮಕ್ಕಳೆಲ್ಲ ಕಪ್ಪು; ಆ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದರಂತೆ ಕೆಂಪು ತಲೆ ಎತ್ತುತ್ತದೆ. ಸುಝುಕಿ ಬಿಡಲಿಲ್ಲ. ‘ಕ್ರಿಸ್ಟಲ್ ರೆಡ್’ ಹುಟ್ಟಿತು. ಇವತ್ತು ಅದಕ್ಕೆ ಸಿ, ಬಿ, ಎ ಎಂದು ಏರುತ್ತ ಎಸ್, ಡಬಲ್ ಎಸ್, ತ್ರಿಬಲ್ ಎಸ್ ತನಕ ದರ್ಜೆಗಳಿವೆ. ಬಿಳಿ ಬೆನ್ನಿನ ಮೇಲೆ ದುಂಡನೆಯ ಕೆಂಪು ಬೊಟ್ಟಿದ್ದರೆ ‘ಹಿನೋಮಾರು’, ಅಂದರೆ ಜಪಾನಿನ ಬಾವುಟದ ಸೂರ್ಯ. ಮೈಯೆಲ್ಲ ಬಿಳಿಯಾಗಿ ತಲೆಯಲ್ಲಷ್ಟೇ ಬಣ್ಣ ಉಳಿದಿದ್ದರೆ ‘ಮೊಸುರಾ’. ಜಪಾನೀ ಸಿನಿಮಾದ ದೈತ್ಯ ಪತಂಗದ ಹೆಸರು!

ಪ್ರದರ್ಶನವೂ ಉಂಟು. ಜರ್ಮನಿಯ ಹ್ಯಾನೋವರಿನಲ್ಲಿ ಸೀಗಡಿಗಳಿಗೆಂದೇ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿದೆ. ನಮ್ಮ ಜಾತ್ರೆಗಳಲ್ಲಿ ಖಿಲಾರಿ ಎತ್ತಿನ ಕೋಡು, ಇಣಿ, ನಡಿಗೆ ನೋಡಿ ಹಿರಿಯರು ತಲೆದೂಗುವಂತೆ ಅಲ್ಲಿ ತೀರ್ಪುಗಾರರು ಪುಟ್ಟ ತೊಟ್ಟಿಗಳ ಮುಂದೆ ಬಗ್ಗಿ ಬಿಳಿ ಎಷ್ಟು ದಟ್ಟ, ಪಟ್ಟೆಯ ಅಂಚು ಎಷ್ಟು ಚೊಕ್ಕ ಎಂದು ಅಂಕ ಹಾಕುತ್ತಾರೆ. ಎತ್ತಾದರೆ ಹಿಡಿದು ನಿಲ್ಲಿಸಬಹುದು. ಇವು ಗಾಬರಿಯಾದರೆ ಬಾಲ ಮಡಚಿ ಒಂದೇ ಏಟಿಗೆ ಹಿಂದಕ್ಕೆ ಚಿಮ್ಮಿ ಮಾಯ.

ಹಿಂಡಲಗಾದಲ್ಲಿ ಇವನ್ನು ಸಾಕುವುದು ಕಷ್ಟವೇ? ಹವೆಯಂತೂ ಹೇಳಿ ಮಾಡಿಸಿದ್ದು. 20ರಿಂದ 26 ಡಿಗ್ರಿಯಲ್ಲಿ ಇವು ಸುಖಿ. ಏಪ್ರಿಲ್-ಮೇ ತಿಂಗಳಲ್ಲಿ ನೀರಿನ ಮೇಲೆ ಪುಟ್ಟ ಫ್ಯಾನ್ ತಿರುಗಿಸಿದರೆ ಸಾಕು. ರಕ್ಕಸಕೊಪ್ಪ ಜಲಾಶಯದಿಂದ ನಮ್ಮೂರ ಪಂಪ್‌ಹೌಸ್ ಹಾದು ಬರುವ ನಳದ ನೀರನ್ನು ಬಕೆಟ್ಟಿನಲ್ಲಿ ತೆರೆದಿಟ್ಟು ಕ್ಲೋರಿನ್ ಹಾರಿಹೋಗಲು ಬಿಡಬೇಕು. ಅಡಗಲು ಖಾನಾಪುರದ ಮಡಕೆಯ ಚೂರು, ಮೇಯಲು ಒಣಗಿದ ಬಾದಾಮಿ ಮರದ ಎಲೆ. ಅಪಾಯ ಬರುವುದು ಬೇರೆ ಕಡೆಯಿಂದ. ಸೊಳ್ಳೆ ಸ್ಪ್ರೇ ಹೊಡೆದಿರೋ, ತೊಟ್ಟಿಯೇ ಖಾಲಿ. ಇನ್ನೊಂದು ತಾಮ್ರ. ನಾವು ತಾಮ್ರದ ತಂಬಿಗೆಯ ನೀರು ಒಳ್ಳೆಯದೆಂದು ಕುಡಿಯುತ್ತೇವೆ. ಅದನ್ನು ಇಲ್ಲಿ ಸುರಿಯಬೇಡಿ. ವಿಚಿತ್ರ ಕೇಳಿ: ಸೀಗಡಿಯ ರಕ್ತ ಆಮ್ಲಜನಕ ಹೊರುವುದೇ ತಾಮ್ರದ ನೆರವಿನಿಂದ, ನಮ್ಮ ರಕ್ತ ಕಬ್ಬಿಣದಿಂದ ಹೊರುವಂತೆ. ಆದರೂ ನೀರಿನಲ್ಲಿ ತಾಮ್ರ ಕೊಂಚ ಹೆಚ್ಚಾದರೆ ಸಾವು.

ಬೆಳಿಗ್ಗೆ ಎದ್ದಾಗ ತಳದಲ್ಲೊಂದು ಸೀಗಡಿ ಸತ್ತು ಬಿದ್ದಂತೆ ಕಾಣುತ್ತದೆ. ಮೀಸೆ, ಕಾಲು, ಕಣ್ಣಿನ ಹೊದಿಕೆ ಎಲ್ಲ ಇದೆ, ಒಳಗೆ ಪ್ರಾಣಿ ಇಲ್ಲ! ಅದು ಕಳಚಿಟ್ಟ ಚಿಪ್ಪು. ಹೆಣ್ಣು ಚಿಪ್ಪು ಬಿಟ್ಟ ಗಳಿಗೆಯಲ್ಲಿ ನೀರಿಗೆ ಅದರ ವಾಸನೆ ಹರಡಿ, ಸದಾ ಮೇಯುತ್ತಿದ್ದ ಗಂಡುಗಳು ತಲೆಕೆಟ್ಟಂತೆ ತೊಟ್ಟಿಯುದ್ದಕ್ಕೂ ಈಜಾಡತೊಡಗುತ್ತವೆ. ಆಮೇಲೆ ಇಪ್ಪತ್ತು-ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳ ನಡುವೆ ಇಟ್ಟುಕೊಂಡು ತಾಯಿ ಸುಮಾರು ಒಂದು ತಿಂಗಳು ಬೀಸಣಿಗೆ ಹಾಕುತ್ತಲೇ ಇರುತ್ತಾಳೆ. ಒಡೆಯುವ ಹೊತ್ತು ಹತ್ತಿರವಾದಾಗ ಒಂದೊಂದು ಮೊಟ್ಟೆಯೊಳಗೂ ಎರಡೆರಡು ಕಪ್ಪು ಚುಕ್ಕೆ. ಕಣ್ಣುಗಳು! ಹೊರಬಂದ ಮರಿ ಎರಡು ಮಿಲಿಮೀಟರ್ ಇದ್ದೀತು, ಆದರೆ ಆಗಲೇ ಪೂರ್ತಿ ಸೀಗಡಿ. ಅದರ ಬಂಧುವಾದ ಅಮಾನೋ ಸೀಗಡಿಯ ಮರಿಗಳಿಗೆ ಉಪ್ಪುನೀರು ಬೇಕು. ಇದಕ್ಕೆ ಅಂಥ ಯಾವ ಹಂಗೂ ಇಲ್ಲ.

ಹಂಗಿಲ್ಲದ್ದೇ ಅಪಾಯ ಕೂಡ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ಎಂಬ ಹಳ್ಳದಲ್ಲಿ ಯಾರೋ ಬಿಟ್ಟ ಚೆರ್ರಿ ಸೀಗಡಿ ಸಂಸಾರ ಹೂಡಿಬಿಟ್ಟಿದೆ. ಆದ್ದರಿಂದ ಮಾರ್ಕಂಡೇಯ ನದಿಗೆ ಒಂದನ್ನೂ ಬಿಡಬೇಡಿ. ಅಲ್ಲಿ ನಮ್ಮವೇ ಇದ್ದಾವು. ಹೌದು, ನಮ್ಮವೇ! ಚೆರ್ರಿ ಸೀಗಡಿಗೆ 1904ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟ ಫ್ರಾನ್ಸಿನ ಬೂವಿಯೆ, 1918ರಲ್ಲಿ ಭಾರತದ್ದೊಂದಕ್ಕೂ ‘ಕ್ಯಾರಿಡಿನಾ ಬಾಬಾಲ್ಟಿ’ ಎಂದು ಹೆಸರಿಟ್ಟ. ಹಸಿರು, ಕಂದು, ಪಟ್ಟೆ ಪಟ್ಟೆ. ಯುರೋಪಿನ ತೊಟ್ಟಿಗಳಲ್ಲಿ ಅದು ‘ಇಂಡಿಯನ್ ಝೀಬ್ರಾ’ ಎಂದು ಮೆರೆಯುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಈ ಕುಲದ ಬಳಗವೇ ಇದೆ. ಪಕ್ಕದ ಜಿಲ್ಲೆಯ ಯಲ್ಲಾಪುರದ ಕಾಡಿನ ಬಿಳಿ-ಕೆನ್ನೇರಳೆ ಏಡಿ ‘ಘಟಿಯಾನ ದ್ವಿವರ್ಣ’ ವಿಜ್ಞಾನದ ಲೆಕ್ಕಕ್ಕೆ ಸೇರಿದ್ದೇ 2022ರಲ್ಲಿ. ಹಾಗಿರುವಾಗ ಬೆರಳುದ್ದವೂ ಇಲ್ಲದ ಸೀಗಡಿಯನ್ನು ಯಾರು ಪೂರ್ತಿ ಎಣಿಸಿದ್ದಾರೆ? ಮಳೆಗಾಲ ಇಳಿದ ಮೇಲೆ, ಅಭಯಾರಣ್ಯದ ಹೊರಗೆ, ನಿಮ್ಮೂರ ಹಳ್ಳದ ಬೇರುಗಳ ಕೆಳಗೆ ಚಹಾ ಸೋಸುವ ಜಾಲರಿ ಆಡಿಸಿ ನೋಡಿ. ಬಿಳಿ ತಟ್ಟೆಗೆ ನೀರು ಹುಯ್ದು ಅದರಲ್ಲಿ ಬಿಡಿ, ಭೂತಗನ್ನಡಿ ಹಿಡಿಯಿರಿ, ಕೈ ತುದಿಯ ಬ್ರಷ್ಷು ಕಂಡರೆ ಫೋಟೋ ತೆಗೆದು ಅದೇ ಹಳ್ಳಕ್ಕೆ ವಾಪಸ್ ಬಿಟ್ಟುಬನ್ನಿ.